ಇವರಿಗೆ ಅರವತ್ತು, ಕಾಯಿಲೆ ನನಗೆ

ಮನುಷ್ಯನಿಗೆ ಒಂದೇ ವಯಸ್ಸಿರಬೇಕೆಂದು ಯಾವ ಶಾಸ್ತ್ರದಲ್ಲೂ ಹೇಳಿದಂತೆ ಕಾಣೆ. ಹೇಳಿದ್ದರೆ ನಮ್ಮ ಮನೆಯವರು ಎಂದೋ ಪ್ರಾಯಶ್ಚಿತ್ತ ಮಾಡಿಸಿಕೊಳ್ಳಬೇಕಾಗುತ್ತಿತ್ತು. ಮನೆಯಲ್ಲಿ ಉಡಲೊಂದು ಪಂಚೆ, ಆಫೀಸಿಗೆ ಹೋಗಲೊಂದು ಕೋಟು ಇರುವ ಹಾಗೆ ಅವರಿಗೆ ಮನೆಗೊಂದು ವಯಸ್ಸು, ಆಫೀಸಿಗೊಂದು ವಯಸ್ಸು. ಮನೆಯ ವಯಸ್ಸು ಈ ಮಾಘಕ್ಕೆ ಅರವತ್ತು ತುಂಬುವುದರಲ್ಲಿತ್ತು. ಆಫೀಸಿನದು ಐವತ್ತನಾಲ್ಕು. ಮನಸ್ತಾಪವಿರುವ ಇಬ್ಬರು ನೆಂಟರನ್ನು ಮದುವೆ ಮನೆಯಲ್ಲಿ ಬೇರೆ ಬೇರೆ ಪಂಕ್ತಿಗೆ ಕೂರಿಸುವಂತೆ, ಈ ಎರಡೂ ಒಂದಕ್ಕೊಂದು ಎದುರಾಗದ ಹಾಗೆ ಅವರು ನಾಲ್ಕು ವರ್ಷ ನಾಜೂಕಾಗಿ ನಿಭಾಯಿಸಿಕೊಂಡು ಬಂದಿದ್ದರು. ಕೊನೆಗೆ ಎದುರಾದ ದಿನ ಹಾಸಿಗೆ ಹಿಡಿದವಳು ನಾನು. ಅದನ್ನೇ ಹೇಳಲು ಹೊರಟಿದ್ದೇನೆ. ಅವಸರವಿದ್ದವರು ಈಗಲೇ ಎದ್ದು ಹೋಗಬಹುದು. ನನಗಂತೂ ಸದ್ಯಕ್ಕೆ ಮಲಗಿರುವುದರ ಹೊರತು ಬೇರೆ ಕೆಲಸವಿಲ್ಲ.

ನಮ್ಮವರು ಸೋಮವಾರಪೇಟೆಯಿಂದ ಐದಾರು ಮೈಲಿ ಆಚೆಗಿರುವ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರು. ರೈಟರೆಂದರೆ ಕಥೆ ಕಾದಂಬರಿ ಬರೆಯುವವರಲ್ಲ, ಆಳುಗಳ ಹಾಜರಿ ಬರೆಯುವವರು. ಆದರೂ ಕಲ್ಪನಾಶಕ್ತಿ ಬೇಡವೆನ್ನಬೇಡಿ. ಹೊಸದಾಗಿ ಕೆಲಸಕ್ಕೆ ಬಂದವರ ವಯಸ್ಸನ್ನು ಪುಸ್ತಕದಲ್ಲಿ ತುಂಬಬೇಕು; ಬಂದವರಿಗೋ ತಾವು ಹುಟ್ಟಿದ್ದು ಯಾವಾಗ ಎಂದು ಗೊತ್ತಿರುವುದಿಲ್ಲ, ನಮ್ಮಲ್ಲಿ ಯಾರಿಗೆ ತಾನೇ ಗೊತ್ತು? ಇವರು ಗಂಡಸಾದರೆ ಮೀಸೆ ನೋಡಿ, ಹೆಂಗಸಾದರೆ ಕಂಕುಳಲ್ಲಿರುವ ಮಗು ನೋಡಿ ಒಂದು ವಯಸ್ಸು ಹಾಕಿಬಿಡುತ್ತಾರೆ. ಒಮ್ಮೆ ಅಪ್ಪನಿಗೂ ಮಗನಿಗೂ ಎಂಟೇ ವರ್ಷದ ಅಂತರ ಬಿದ್ದು, ಹಳೆಯ ಇಂಗ್ಲಿಷ್ ದೊರೆ ಕರೆದು ಕೇಳಿದರಂತೆ. ‘ಮಗ ಗಡ್ಡ ಬಿಟ್ಟಿದ್ದ, ಅಪ್ಪ ಆವತ್ತೇ ಬೋಳಿಸ್ಕೊಂಡು ಬಂದಿದ್ದ. ನನ್ನ ತಪ್ಪೇನು?’ ಎಂದು ಇವರು ಮನೆಗೆ ಬಂದು ನನ್ನನ್ನು ಕೇಳಿದರು. ಹೀಗೆ ಎರಡು ತಲೆಮಾರಿನ ಆಳುಗಳಿಗೆ ವಯಸ್ಸು ಹಂಚಿದ ಪುಣ್ಯಾತ್ಮರಿಗೆ ತಮಗೊಂದು ವಯಸ್ಸು ಹೊಂದಿಸಿಕೊಳ್ಳುವುದು ದೊಡ್ಡ ಮಾತೇ?

ನಾನು ಅವರಂತಲ್ಲ. ನನಗೆ ದಿನ ತಪ್ಪಿದರೆ ಊಟ ಸೇರುವುದಿಲ್ಲ. ಅಡಿಗೆಮನೆಯ ಬಾಗಿಲ ಹಿಂದೆ ತೂಗುಹಾಕಿದ ಪಂಚಾಂಗದ ಅಂಚಿನಲ್ಲಿ ಸೀಸದಕಡ್ಡಿಯಿಂದ ದಿನವೂ ಒಂದು ಸಾಲು ಬರೆಯುವುದು ಮೂವತ್ತು ವರ್ಷದಿಂದ ನಡೆದು ಬಂದಿದೆ. ಹಸು ಕರು ಹಾಕಿದ್ದು, ಕಾಫಿ ಅರಳಿಸುವ ಹೂಮಳೆ ಬಿದ್ದದ್ದು, ಹಿತ್ತಲ ಕಿತ್ತಳೆ ಗಿಡದಲ್ಲಿ ಮೊದಲ ಕಾಯಿ ಕಂಡದ್ದು, ಇವರು ಕೊಡೆ ಕಳೆದುಕೊಂಡದ್ದು, ಹೊಸ ಕೊಡೆ ಕೊಂಡದ್ದು, ಹಳೆ ಕೊಡೆ ಸಿಕ್ಕಿದ್ದು. ಯಾರ ಮಗುವಿಗೆ ಹಲ್ಲು ಬಂದದ್ದು ಯಾವ ತಿಂಗಳು ಎಂದು ಕೇಳಿಕೊಂಡು ಪಕ್ಕದ ಎಸ್ಟೇಟಿನಿಂದಲೂ ಜನ ಬರುತ್ತಾರೆ. ಇಷ್ಟು ವಿವರ ಇಟ್ಟುಕೊಂಡವಳು ಸ್ವಂತ ಗಂಡನ ವಯಸ್ಸಿನ ವಿಷಯದಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡಿರಬೇಕಾಯಿತು. ಕಾರಣ, ನಾವಿರುವ ಮನೆ.

ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಹಳೆಯ ದೊರೆ ಎಸ್ಟೇಟನ್ನು ಮದರಾಸಿನ ಕಂಪನಿಯೊಂದಕ್ಕೆ ಮಾರಿ ಹಡಗು ಹತ್ತಿದರು. ಕಂಪನಿಯವರು ಕೊಡವರ ಪೈಕಿ ಬೋಪಯ್ಯ ಎಂಬವರನ್ನು ಮ್ಯಾನೇಜರನ್ನಾಗಿ ಕಳಿಸಿದರು. ಜೊತೆಗೊಂದು ನಿಯಮವನ್ನೂ ಕಳಿಸಿದರು. ಅರವತ್ತು ತುಂಬಿದ ನೌಕರ ಕೆಲಸವನ್ನೂ ಎಸ್ಟೇಟಿನ ಮನೆಯನ್ನೂ ಬಿಡಬೇಕು. ಬೋಪಯ್ಯನವರು ಬಂದ ದಿನವೇ ಮಾತಿಗೆ, ‘ರೈಟರೇ, ನಿಮಗೆಷ್ಟಾಯ್ತು?’ ಎಂದು ಕೇಳಿದ್ದಾರೆ. ಆಗ ಇವರಿಗೆ ಐವತ್ತಾರು. ಇವರು ಹಿಂದುಮುಂದು ನೋಡದೆ, ‘ಐವತ್ತು ಸಾರ್,’ ಎಂದುಬಿಟ್ಟರು. ಆರು ವರ್ಷ ಒಂದೇ ಉಸಿರಿನಲ್ಲಿ ನುಂಗಿ, ನೀರೂ ಕುಡಿಯದೆ ಮನೆಗೆ ಬಂದರು. ಮರುದಿನದಿಂದ ಮೀಸೆಗೆ ಕಾಡಿಗೆ ಹಚ್ಚಲು ತೊಡಗಿದರು. ಅದೂ ಯಾರದು? ನಾನು ಹರಳೆಣ್ಣೆ ದೀಪದ ಮೇಲೆ ಹಿಡಿದು ಮೊಮ್ಮಗುವಿಗೆಂದು ಮಾಡಿಟ್ಟ ಕಾಡಿಗೆ.

ನಾನು ಈ ಸುಳ್ಳನ್ನು ಎಷ್ಟು ಆಡಿಕೊಂಡಿದ್ದೇನೋ ಶಿವನೇ ಬಲ್ಲ. ಆದರೆ ಒಳಗೊಳಗೇ ಅದು ಉಳಿಯಲಿ ಎಂದೇ ನನಗೂ ಆಸೆ. ಏಕೆಂದರೆ ಈ ಮನೆ ಬಿಟ್ಟರೆ ನಾವು ಹೋಗಬೇಕಾದ್ದು ಶನಿವಾರಸಂತೆಯ ಕಡೆಯ ಇವರ ಊರಿನ ಮನೆಗೆ. ಅಲ್ಲಿ ಇವರ ಅಕ್ಕ ಗೌರಮ್ಮನವರಿದ್ದಾರೆ. ಸಣ್ಣ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ತಾಯಿಯಿಲ್ಲದ ಇವರನ್ನು ಸಾಕಿದವರೂ ಅವರೇ. ಬಂಗಾರದಂಥ ಮನಸ್ಸು. ಬಂಗಾರದಷ್ಟೇ ಭಾರ. ಮದುವೆಯಾದ ಮೊದಲ ಮೂರು ವರ್ಷ ನಾನು ಅವರ ಕೈಕೆಳಗಿದ್ದೆ. ಆ ಮನೆಯಲ್ಲಿ ಹೆಚ್ಚುವುದು, ಅರೆಯುವುದು, ಒಲೆ ಊದುವುದು ಎಲ್ಲ ನನ್ನದು. ಅಡಿಗೆಗೆ ಉಪ್ಪು ಹಾಕುವ ಅಧಿಕಾರ ಮಾತ್ರ ಅತ್ತಿಗೆಯದು. ಅವರು ಕೆರೆಗೆ ಹೋಗಿದ್ದರೆ ಸಾರು ಕುದ್ದು ಕುದ್ದು ಅರ್ಧವಾದರೂ ಉಪ್ಪಿಗಾಗಿ ಕಾಯಬೇಕು. ಒಂದು ದಿನ ಧೈರ್ಯ ಮಾಡಿ ನಾನೇ ಹಾಕಿದೆ. ಅವರು ಬಂದು, ಏನೂ ಕೇಳದೆ, ತಾವೂ ಹಾಕಿದರು. ಆ ದಿನದ ಸಾರನ್ನು ಇವರು ಮಾತಿಲ್ಲದೆ ಉಂಡದ್ದು ಈಗಲೂ ನನ್ನ ಕಣ್ಣ ಮುಂದಿದೆ. ಎಸ್ಟೇಟಿನ ಈ ಎರಡು ಕೋಣೆಯ ಹಂಚಿನ ಮನೆಗೆ ಬಂದ ದಿನ ನಾನು ಮೊದಲು ಮಾಡಿದ ಕೆಲಸವೆಂದರೆ ಉಪ್ಪಿನ ಮರಿಗೆಯನ್ನು ಒಲೆಯ ಬಲಗಡೆಗೆ, ನನ್ನ ಕೈಗೆಟುಕುವಲ್ಲಿ ಇಟ್ಟದ್ದು. ಮೂವತ್ತೊಂದು ವರ್ಷದಿಂದ ಅದು ಅಲ್ಲೇ ಇದೆ. ಅಲ್ಲೇ ಇರಲಿ ಎಂದು ನನ್ನ ಹಟ.

ಹೀಗಿರುವಾಗ ಪುಷ್ಯಮಾಸದಲ್ಲೊಂದು ದಿನ ಅತ್ತಿಗೆ ಟ್ರಂಕು ಸಮೇತ ಬಸ್ಸಿಳಿದರು. ಕಾಲು ತೊಳೆಯುವ ಮೊದಲೇ ಶುರುವಾಯಿತು.

‘ಏನ್ಲಾ ಈರಭದ್ರ, ಕೋತಿ ಹಂಗೆ ಮೀಸೆ ಕಪ್ಪು ಮಾಡ್ಕೊಂಡಿದೀಯ? ನಂದನ ಸಂವತ್ಸರ ತಿರುಗಿ ಬಂತು ಅನ್ನೋದು ಗ್ಯಾನ ಐತಾ ನಿಂಗೆ?’

ಗ್ಯಾನ ಇತ್ತು, ಅದಕ್ಕೇ ಕಾಡಿಗೆ. ಆದರೆ ಅಕ್ಕನ ಮುಂದೆ ಹೇಳುವ ಧೈರ್ಯವಿಲ್ಲ. ಸಂವತ್ಸರಗಳು ಅರವತ್ತು, ಹುಟ್ಟಿದ ಸಂವತ್ಸರ ಒಂದು ಸುತ್ತು ಹಾಕಿ ಮತ್ತೆ ಬಂದಿತೆಂದರೆ ಅರವತ್ತು ತುಂಬಿತೆಂದು ಲೆಕ್ಕ. ಆಗ ಶಾಂತಿ ಮಾಡಿಸಬೇಕು, ಕಳಸದ ನೀರು ಹುಯ್ದುಕೊಳ್ಳಬೇಕು, ಹೆಂಡತಿಗೆ ಇನ್ನೊಮ್ಮೆ ತಾಳಿ ಕಟ್ಟಬೇಕು. ಮಾಡಿಸದಿದ್ದರೆ ಕಂಟಕ. ಯಾರಿಗೆ ಎಂದು ಕೇಳಿದರೆ ಅತ್ತಿಗೆ ನನ್ನ ಕೊರಳ ಕಡೆ ನೋಡುತ್ತಾರೆ. ಅಲ್ಲಿಗೆ ವಾದ ಮುಗಿಯಿತು. ತಾಳಿಯ ವಿಷಯದಲ್ಲಿ ಯಾವ ಹೆಂಗಸು ತಾನೇ ‘ನೋಡಿದರಾಯ್ತು’ ಎನ್ನುತ್ತಾಳೆ?

‘ಆದ್ರೆ ಅಕ್ಕ, ಇಲ್ಲಿ ಯಾರಿಗೂ ತಿಳಿಯೋ ಹಂಗಿಲ್ಲ,’ ಎಂದರು ಇವರು. ‘ತಿಳಿದ್ರೆ ಕೆಲಸ ಹೋಗುತ್ತೆ, ಮನೆ ಹೋಗುತ್ತೆ.’

‘ಹೋದ್ರೆ ಹೋಗ್ಲಿ ಬಿಡು, ಊರಲ್ಲಿ ಮನೆ ಇಲ್ವಾ? ಎಷ್ಟು ದಿನ ಇನ್ನೊಬ್ರ ಹಂಚಿನ ಕೆಳಗೆ ಇರ್ತೀಯ?’ ಎಂದರು ಅತ್ತಿಗೆ. ಅವರ ಟ್ರಂಕಿನಲ್ಲಿ ಶಾಂತಿಯ ಸಾಮಾನಿನ ಜೊತೆಗೆ ಇನ್ನೇನು ಬಂದಿದೆ ಎಂದು ನನಗೆ ಆಗ ತಿಳಿಯಿತು.

ಗುಟ್ಟಾಗಿ ಮಾಡುವುದೆಂದಾಯಿತು. ಆದರೆ ನಮ್ಮ ಕೊಡಗಿನಲ್ಲಿ ಗುಟ್ಟೆಂಬುದು ಹೇಗೆ ನಿಲ್ಲಬೇಕು? ಹೇಳಿಕೊಳ್ಳಲು ಇದೊಂದು ರಾಜ್ಯ, ಮಂತ್ರಿಗಳೂ ಇದ್ದಾರೆ; ಅಳತೆ ಮಾತ್ರ ಬೇರೆ ಕಡೆಯ ಒಂದು ಜಿಲ್ಲೆಗೂ ಸಾಲದು. ಮಡಿಕೇರಿಯಲ್ಲಿ ಸೀನಿದರೆ ಶನಿವಾರಸಂತೆಯಲ್ಲಿ ‘ಚಿರಂಜೀವಿ’ ಅನ್ನುತ್ತಾರೆ. ಅದೂ ಹೋಗಲಿ, ಶಾಂತಿಗೆ ಎರಡು ದಿನವಾದರೂ ರಜೆ ಬೇಕು. ಮಾಘವೆಂದರೆ ಕಾಫಿ ಹಣ್ಣು ಕುಯ್ಯುವ ಕಾಲ, ಪಿಕಿಂಗ್ ಮುಗಿಯುವವರೆಗೆ ರೈಟರು ಕಾಫಿ ಒಣಗಿಸುವ ಕಣ ಬಿಟ್ಟು ಕದಲುವಂತಿಲ್ಲ. ಆ ದಿನಗಳಲ್ಲಿ ರಜೆ ಸಿಗುವುದು ಎರಡೇ ಕಾರಣಕ್ಕೆ: ಮನೆಯಲ್ಲಿ ಕಾಯಿಲೆಯಾದರೆ ಎರಡು ದಿನ, ಸಾವಾದರೆ ಮೂರು ದಿನ. ನಮ್ಮವರು ಬಹಳ ಯೋಚಿಸಿ ಎರಡೇ ದಿನ ಸಾಕೆಂದು ತೀರ್ಮಾನಿಸಿದರು. ಆ ಉಪಕಾರವನ್ನು ನಾನು ಮರೆಯುವಂತಿಲ್ಲ.

ಸಂಜೆ ಬಂದು ಕೋಟು ಬಿಚ್ಚುತ್ತ, ‘ಇವಳೇ, ನಿನಗೆ ಕಾಯಿಲೆ,’ ಎಂದರು.

‘ಯಾವಾಗಿನಿಂದ?’

‘ಇವತ್ತು ಬೆಳಿಗ್ಗೆಯಿಂದ.’

‘ಏನು ಕಾಯಿಲೆ?’

ಅವರು ಕೋಟನ್ನು ಗೂಟಕ್ಕೆ ಹಾಕಿದರು. ಅದನ್ನು ಯೋಚಿಸಿರಲಿಲ್ಲ. ಮ್ಯಾನೇಜರ ಹತ್ತಿರ ‘ಬಹಳ ಕಷ್ಟ ಸಾರ್, ಮನೇಲೊಂದು ಪೂಜೆ ಮಾಡಿಸ್ತಿದೀವಿ’ ಎಂದಿದ್ದರಂತೆ. ಕಣದ ಮೇಸ್ತ್ರಿಗೆ ಹೊಟ್ಟೆನೋವು ಎಂದಿದ್ದರು. ಆಳುಗಳು ವಾಸವಿರುವ ಲೈನಿನ ಹತ್ತಿರ ಯಾರೋ ಕೇಳಿದ್ದಕ್ಕೆ ತಲೆ ಸುತ್ತು ಎಂದಿದ್ದರು. ಎಸ್ಟೇಟಿನ ಆಸ್ಪತ್ರೆಯ ಕಂಪೌಂಡರು ದಾರಿಯಲ್ಲಿ ಸಿಕ್ಕಿ ವಿಚಾರಿಸಿದಾಗ, ಕಂಪೌಂಡರಿಗೆ ಕಡಿಮೆಯದು ಹೇಳಿದರೆ ಮರ್ಯಾದೆಯಲ್ಲವೆಂದು, ಎದೆನೋವು ಎಂದಿದ್ದರು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಒಂದು ದಿನ ಶೀತವಾಗಿ ಮಲಗಿದವಳಲ್ಲ ನಾನು. ಒಂದೇ ದಿನದಲ್ಲಿ ಅಡಿಯಿಂದ ಮುಡಿಯವರೆಗೆ ನನ್ನಲ್ಲಿ ನೆಟ್ಟಗಿರುವ ಅಂಗ ಉಳಿಯಲಿಲ್ಲ.

ಮರುದಿನದಿಂದ ಜನ ಬರತೊಡಗಿದರು. ಕಾಯಿಲೆ ನೋಡಲು ಬರುವವರಿಗೆ ಕಾಯಿಲೆಯವಳು ಎದ್ದು ಕಾಫಿ ಮಾಡಿಕೊಡುವ ಹಾಗಿಲ್ಲ. ಹಾಗಾಗಿ ನಾನು ಕಂಬಳಿ ಹೊದ್ದು ಮಂಚದ ಮೇಲೆ, ಅತ್ತಿಗೆ ನನ್ನ ಅಡಿಗೆಮನೆಯಲ್ಲಿ. ಮೇಸ್ತ್ರಿಯ ಹೆಂಡತಿ ಹೊಟ್ಟೆನೋವಿಗೆ ಓಮದ ನೀರು ತಂದಳು. ಲೈನಿನ ಮುದುಕಿಯೊಬ್ಬಳು ತಲೆಸುತ್ತಿಗೆ ಯಾವುದೋ ಬೇರು ತಂದು ನನ್ನ ದಿಂಬಿನ ಕೆಳಗಿಟ್ಟಳು. ಕಂಪೌಂಡರು ಕುಂಞಿರಾಮನ್, ತಲಶ್ಶೇರಿಯ ಕಡೆಯವರು, ಕುತ್ತಿಗೆಗೆ ಎದೆ ನೋಡುವ ನಳಿಗೆ ಹಾಕಿಕೊಂಡೇ ಬಂದರು. ಅವರಿಗೆ ಎಸ್ಟೇಟಿನಲ್ಲಿ ಮಲೇರಿಯಾ, ಹುಣ್ಣು, ಜಿಗಣೆ ಕಡಿತ ಬಿಟ್ಟರೆ ಬೇರೆ ಕಾಯಿಲೆಯೇ ಸಿಕ್ಕಿರಲಿಲ್ಲ. ಎದೆ ಎಂದ ಕೂಡಲೆ ಅವರ ಮುಖ ಅರಳಿದ್ದು ನನಗೆ ಕಾಣಿಸಿತು.

‘ಅಮ್ಮಾ, ಇಲ್ಲಿ ವೇದನೆ ಉಂಟಾ?’

‘ಇಲ್ಲ.’

‘ಆಹಾ, ಇಲ್ಲವಾ? ಅದೇ ಡೇಂಜರ್. ಗೊತ್ತಾಗೋದಿಲ್ಲ, ಒಳಗೇ ಇರ್ತದೆ,’ ಎಂದು ಕೆಂಪು ಔಷಧದ ದೊಡ್ಡದೊಂದು ಸೀಸೆ ಕೊಟ್ಟು ಹೋದರು. ಬಾಯಿಗೆ ಹಾಕಿಕೊಂಡರೆ ಬೇವಿನ ಸೊಪ್ಪೇ ಸಿಹಿ ಎನ್ನಿಸುವಂಥ ಕಹಿ. ಸೀಸೆಯ ಬೆನ್ನಿಗೆ ಕಾಗದ ಕತ್ತರಿಸಿ ಅಂಟಿಸಿದ ಗುರುತು. ಒಂದೊಂದು ಗುರುತು ಒಂದೊಂದು ಹೊತ್ತಿಗೆ. ಅತ್ತಿಗೆಗೆ ಆ ಗುರುತುಗಳು ಬಹಳ ಹಿಡಿಸಿದವು. ನಾಟಕವೆಂದು ಅವರಿಗೂ ಗೊತ್ತು. ಆದರೂ, ‘ತಂದ ಔಸ್ತಿ ಚೆಲ್ಲಬಾರ್ದು ಕಣೆ, ದೋಷ’ ಎಂದು ಗುರುತಿಗೆ ಸರಿಯಾಗಿ ಕುಡಿಸುತ್ತಿದ್ದರು. ಕುಡಿಸಿ ಒಳಗೆ ಹೋಗುತ್ತಿದ್ದರು. ಒಳಗಿಂದ ಮರಿಗೆಯ ಮುಚ್ಚಳದ ಸದ್ದು ಕೇಳಿಸುತ್ತಿತ್ತು. ನನಗೆ ಯಾವ ಸದ್ದು ಯಾವುದರದೆಂದು ತಿಳಿಯದೆ? ಉಪ್ಪಿನ ಮರಿಗೆ ಒಲೆಯ ಎಡಗಡೆಗೆ ಹೋಗಿತ್ತು.

ಶಾಂತಿಯ ದಿನ ಬಂತು. ನಮ್ಮ ಹೆಣ್ಣುಮಕ್ಕಳಿಬ್ಬರಲ್ಲಿ ಒಬ್ಬಳು ಬಾಣಂತಿ, ಇನ್ನೊಬ್ಬಳು ಅತ್ತೆಯ ಮನೆಯಲ್ಲಿ ಪಿಕಿಂಗಿನ ನಡುವೆ ಸಿಕ್ಕಿಕೊಂಡವಳು, ಇಬ್ಬರೂ ಬರಲಿಲ್ಲ. ಊರಿನಿಂದ ಶಾಂತಿ ಮಾಡಿಸುವ ಅಯ್ಯನವರನ್ನು ಅತ್ತಿಗೆಯೇ ಕರೆಸಿದ್ದರು. ಬೀದಿ ಬಾಗಿಲು ಹಾಕಿ, ನಡುಮನೆಯಲ್ಲಿ ಕಳಸ ಹೂಡಿ, ಮಂತ್ರವನ್ನು ಮೆಲ್ಲಗೆ ಹೇಳಬೇಕೆಂದು ಅಯ್ಯನವರಿಗೆ ಹೇಳಲಾಯಿತು. ಅವರು ಬೆಟ್ಟದಾಚೆಯ ದೇವರಿಗೂ ಕೇಳಿಸುವ ಕಂಠದವರು. ಮೆಲ್ಲಗೆ ಹೇಳಿ ಅಭ್ಯಾಸವಿಲ್ಲ. ನಾಲ್ಕು ಮಾತು ಪಿಸುಗುಟ್ಟುವರು, ಐದನೆಯದಕ್ಕೆ ಹಂಚು ಹಾರುವಂತೆ ಏರಿಸುವರು. ಇವರು ಕಳಸದ ತಣ್ಣೀರು ಸುರಿಸಿಕೊಂಡು ನಡುಗುತ್ತ ಬಂದು ಹಸೆಯ ಮೇಲೆ ಕೂತರು. ನೀರಿಗೆ ಮೀಸೆಯ ಕಾಡಿಗೆ ತೊಳೆದುಹೋಗಿ ಅರವತ್ತು ವರ್ಷ ಒಮ್ಮೆಲೇ ಮುಖದ ಮೇಲೆ ಬಂದು ಕೂತಿತ್ತು. ಪಕ್ಕದಲ್ಲಿ ನಾನು, ಮೂರು ದಿನದಿಂದ ಎಣ್ಣೆ ಕಾಣದ ತಲೆಗೆ ಮಲ್ಲಿಗೆ, ಮದುವೆಯ ಹಳೆಯ ಕೆಂಪು ರೇಷ್ಮೆ ಸೀರೆ. ಸೀರೆಗೆ ನಾನಿಟ್ಟ ಹೆಸರು ‘ಮಡಿಕೆಗಳ ರಾಣಿ’: ಮಡಿಸಿಟ್ಟ ಕಡೆಯೆಲ್ಲ ಸೀಳು.

ಈ ಎರಡನೆಯ ಮದುವೆಯನ್ನು ನಾನು ತಮಾಷೆಯೆಂದೇ ತಿಳಿದಿದ್ದೆ. ಒಂದು ಸಲ ಮಾಡಿದ ತಪ್ಪನ್ನು ತಿಳಿದೂ ತಿಳಿದೂ ಇನ್ನೊಂದು ಸಲ ಮಾಡುವುದಕ್ಕೆ ಶಾಂತಿ ಎಂದು ಹೆಸರಿಟ್ಟವರು ದೊಡ್ಡ ರಸಿಕರೇ ಇರಬೇಕು. ಮೊದಲ ಸಲ ನನಗೆ ಹದಿನಾಲ್ಕು. ತಾಳಿ ಕಟ್ಟಿದವರ ಮುಖ ನಾನು ನೋಡಿದ್ದು ಮೂರು ದಿನದ ಮೇಲೆ. ಈ ಸಲ ಕಣ್ಣೆತ್ತಿ ನೋಡಿದೆ. ಕಿವಿಯಲ್ಲಿ ಬಿಳಿಕೂದಲು. ಮೂರು ಗಂಟು ಹಾಕಿ, ಕಾಫಿ ಮೂಟೆಯ ಹುರಿಯನ್ನು ಪರೀಕ್ಷಿಸುವ ಹಾಗೆ ಒಂದೊಂದನ್ನೂ ಎಳೆದು ನೋಡಿದರು. ಆಮೇಲೆ ಯಾರಿಗೂ ಕೇಳದಂತೆ, ‘ಬಿಗಿಯಾಯ್ತಾ?’ ಎಂದರು. ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ. ಕಂಪೌಂಡರ ಔಷಧದ ದೋಷವೆಂದು ಈಗಲೂ ಹೇಳುತ್ತೇನೆ.

ಅಷ್ಟರಲ್ಲಿ ಅಂಗಳದಲ್ಲಿ ಜೀಪು ನಿಂತಿತು. ಅಯ್ಯನವರ ಕಂಠದಲ್ಲಿ ನಮಗೆ ಅದು ಕೇಳಿಸಲೇ ಇಲ್ಲ. ಬೋಪಯ್ಯನವರು ನಿಜಕ್ಕೂ ಒಳ್ಳೆಯವರು. ತಮ್ಮ ರೈಟರ ಹೆಂಡತಿಯ ಎದೆನೋವು ಮೂರು ದಿನವಾದರೂ ಇಳಿದಿಲ್ಲವೆಂದು ಕೇಳಿ, ನನ್ನನ್ನು ಮಡಿಕೇರಿಯ ಆಸ್ಪತ್ರೆಗೆ ಕರೆದೊಯ್ಯಲು ಜೀಪಿನ ಹಿಂದೆ ಹಾಸಿಗೆ ಹಾಸಿಕೊಂಡು, ಪಕ್ಕದಲ್ಲಿ ಕಂಪೌಂಡರನ್ನು ಕೂರಿಸಿಕೊಂಡು ಬಂದಿದ್ದರು. ಬಾಗಿಲು ತಟ್ಟಿ, ಉತ್ತರ ಬಾರದೆ, ಗಾಬರಿಯಿಂದ ತಳ್ಳಿಕೊಂಡು ಒಳಗೆ ಬಂದರು.

ಬಂದವರಿಗೆ ಕಂಡದ್ದು ಕೊರಳಲ್ಲಿ ಹಾರ ಹಾಕಿಕೊಂಡು ಕೂತಿರುವ ಮದುಮಗಳು. ‘ಇದೇನು ರೈಟರೇ? ಪೇಷೆಂಟ್ ಎಲ್ಲಿ?’ ಎಂದರು.

ಉತ್ತರ ಕೊಟ್ಟವರು ಏನೂ ಅರಿಯದ ಅಯ್ಯನವರು, ಅದೂ ಪೂರ್ಣ ಕಂಠದಲ್ಲಿ: ‘ಬರ್ರಿ, ಬರ್ರಿ ಸಾಹುಕಾರ್ರೆ, ಒಳ್ಳೆ ಹೊತ್ತಿಗೆ ಬಂದ್ರಿ! ಯಜಮಾನ್ರಿಗೆ ಇವತ್ತು ಅರವತ್ತು ತುಂಬ್ತು. ಅಕ್ಷತೆ ಹಾಕಿ!’

ಹೀಗೆ ಆ ಎರಡು ವಯಸ್ಸುಗಳು ನಮ್ಮ ನಡುಮನೆಯಲ್ಲಿ ಎದುರಾದವು. ಬೋಪಯ್ಯನವರು ಅಕ್ಷತೆಯನ್ನು ಕೈಯಲ್ಲಿ ಹಿಡಿದು ಇವರ ಬಿಳಿ ಮೀಸೆಯನ್ನೇ ನೋಡುತ್ತ ನಿಂತರು. ಇವರು ಹಸೆಯ ಮೇಲೆ ಕೂತಲ್ಲೇ ಕೈ ಮುಗಿದು, ‘ತಪ್ಪಾಯ್ತು ಸಾರ್. ನಾನು ಐವತ್ತನಾಲ್ಕಲ್ಲ,’ ಎಂದರು.

‘ಅದು ನನಗೆ ನಾಲ್ಕು ವರ್ಷದಿಂದ ಗೊತ್ತು ಮಾರಾಯರೇ,’ ಎಂದರು ಬೋಪಯ್ಯನವರು. ‘ಆದರೆ ಅರವತ್ತು ಹೇಗಾಗ್ತದೆ? ನಿಮಗೆ ಅರವತ್ತನಾಲ್ಕಲ್ವಾ?’

ಆಮೇಲೆ ಅವರು ಹೇಳಿದ್ದು ಇಷ್ಟು. ನೌಕರರ ಪುಸ್ತಕ ಆಳುಗಳ ಹಾಜರಿಯಂತಲ್ಲ, ಬಂಗಲೆಯ ಬೀರುವಿನಲ್ಲಿ ಬೀಗದೊಳಗಿರುತ್ತದೆ. ಅದನ್ನು ಇವರು ಕಂಡವರಲ್ಲ. ಇವರನ್ನು ಕೆಲಸಕ್ಕೆ ಸೇರಿಸಿದ ಸೋದರಮಾವ, ಹದಿನೇಳರ ಹುಡುಗನನ್ನು ದೊರೆ ತಿರುಗಿ ಕಳಿಸಿಯಾರೆಂದು, ಇಪ್ಪತ್ತೊಂದು ಎಂದು ಬರೆಸಿದ್ದರು. ಆ ಲೆಕ್ಕದಲ್ಲಿ, ಬೋಪಯ್ಯನವರು ಬಂದ ದಿನ ಇವರು ‘ಐವತ್ತು ಸಾರ್’ ಎಂದಾಗಲೇ ಪುಸ್ತಕದಲ್ಲಿ ಇವರಿಗೆ ಅರವತ್ತು! ಅಂದೇ ಮನೆಗೆ ಕಳಿಸಬೇಕಿತ್ತು. ಇವರ ಇಡೀ ವಂಶವೇ ವಯಸ್ಸು ಬರೆಯುವುದರಲ್ಲಿ ಎತ್ತಿದ ಕೈ ಎಂದು ನನಗೆ ಆಗ ತಿಳಿಯಿತು.

‘ಮತ್ತೆ ಯಾಕೆ ಕಳಿಸ್ಲಿಲ್ಲ ಸಾರ್?’ ಇವರ ದನಿ ಸಣ್ಣಗಾಗಿತ್ತು.

‘ಕಳಿಸಿ ನಾನೇನು ಮಾಡ್ಲಿ? ನಲವತ್ತು ವರ್ಷದ ಪುಸ್ತಕ ಎಲ್ಲಾ ನಿಮ್ಮ ಕೈಬರಹದಲ್ಲಿದೆ. ಅದನ್ನು ಓದೋ ಮನುಷ್ಯ ಈ ಕೊಡಗಿನಲ್ಲಿ ಇನ್ನೊಬ್ಬ ಇಲ್ಲ. ಪ್ರತಿ ವರ್ಷ ಮದರಾಸಿಗೆ ಬರೀತೇನೆ, ಓದುವವರನ್ನು ಹುಡುಕ್ತಾ ಇದ್ದೇನೆ ಅಂತ.’

ಕೆಲಸ ಉಳಿಯಿತೆಂದು ಇವರು ಹಿಗ್ಗಬೇಕಿತ್ತು. ಬದಲಿಗೆ ಮುಖ ಊದಿಸಿಕೊಂಡರು. ನಲವತ್ಮೂರು ವರ್ಷದ ನಿಷ್ಠೆಗೆ ಉಳಿಸಿಕೊಂಡೆ ಎನ್ನುತ್ತಾರೆಂದು ಕಾದವರಿಗೆ, ಉಳಿಸಿದ್ದು ಕೋಳಿಕಾಲಿನ ಅಕ್ಷರವೆಂದು ಕೇಳಿ ಅವಮಾನವಾಯಿತು. ಆ ಊದಿದ ಮುಖವನ್ನು ಅತ್ತಿಗೆ ನೋಡಿದರು. ಇಂಥ ಗಳಿಗೆಯನ್ನು ಬಿಟ್ಟುಕೊಡುವವರಲ್ಲ ಅವರು.

‘ಹಂಗಾದ್ರೆ ಒಳ್ಳೇದೇ ಆಯ್ತು ಸಾಮಿ,’ ಎಂದರು ಸೆರಗು ಬಿಗಿದು. ‘ನಮ್ಮ ಹುಡ್ಗ ಇಷ್ಟು ದಿನ ದುಡಿದದ್ದು ಸಾಕು. ಈ ಪಿಕಿಂಗು ಮುಗೀಲಿ, ಕಳಿಸಿಕೊಡಿ. ಊರಲ್ಲಿ ಮನೆ ಐತೆ, ಗದ್ದೆ ಐತೆ, ನಾನಿದೀನಿ. ಅಲ್ವೇನೋ ಈರಭದ್ರ?’

ಇವರು ಇಲ್ಲ ಅನ್ನುತ್ತಾರೆಂದು ನಾನು ಕಾದೆ. ಅವಮಾನವಾದ ಗಂಡಸಿನಿಂದ ಏನನ್ನೂ ನಿರೀಕ್ಷಿಸಬಾರದು. ‘ಹೌದು ಸಾರ್. ಓದೋರು ಯಾರಾದ್ರೂ ಸಿಕ್ಕೇ ಸಿಗ್ತಾರೆ. ನಾನು...’ ಎಂದು ಶುರು ಮಾಡಿಯೇಬಿಟ್ಟರು. ನನ್ನ ಕಣ್ಣ ಮುಂದೆ ಹಿತ್ತಲ ಕಿತ್ತಳೆ ಗಿಡ ಬಂತು. ಪಂಚಾಂಗದ ಮೊಳೆ ಬಂತು. ಕೆರೆಯಿಂದ ಅತ್ತಿಗೆ ಬರುವವರೆಗೆ ಉಪ್ಪಿಗಾಗಿ ಕುದಿಯುತ್ತಿದ್ದ ಆ ಸಾರು ಬಂತು.

ಮುಂದೆ ನಾನು ಮಾಡಿದ್ದನ್ನು ಯೋಚಿಸಿ ಮಾಡಿದೆನೆಂದು ಯಾರೂ ತಿಳಿಯಬಾರದು. ಎದೆಯ ಮೇಲೆ ಕೈ ತಾನಾಗಿ ಬಂತು. ಬಾಯಿಂದ ‘ಶಿವನೇ’ ತಾನಾಗಿ ಬಂತು. ಹಾರ, ಮಲ್ಲಿಗೆ, ಸೀಳು ಸೀರೆ ಸಮೇತ ನಾನು ಹಸೆಯ ಮೇಲೆ ಪಕ್ಕಕ್ಕೆ ಒರಗಿದೆ. ಕಳಸಕ್ಕೆ ತಾಗದಂತೆ, ಅತ್ತಿಗೆ ಇಲ್ಲದ ಕಡೆಗೆ ಒರಗುವಷ್ಟು ಪ್ರಜ್ಞೆ ಮಾತ್ರ ಇತ್ತು.

ಕಂಪೌಂಡರು ಒಂದೇ ನೆಗೆತಕ್ಕೆ ಬಂದು ನನ್ನ ನಾಡಿ ಹಿಡಿದರು. ಸುಳ್ಳು ಹೇಳಿದ ಹೆದರಿಕೆಗೆ ಅದು ಓಡುತ್ತಿತ್ತೆಂದು ಬೇರೆ ಹೇಳಬೇಕೆ? ‘ನಾನು ಆವತ್ತೇ ಹೇಳಿಲ್ಲವಾ ಸಾರ್? ಹಾರ್ಟ್!’ ಎಂದು ಗೆದ್ದ ದನಿಯಲ್ಲಿ ಕೂಗಿದರು. ‘ಈ ಜೀಪ್ ಬೇಡ, ಘಾಟಿ ರೋಡ್ ಬೇಡ, ಜಾಗ ಬದಲು ಮಾಡಲೇ ಕೂಡದು. ಮೂರು ತಿಂಗಳು ಈ ಮನೆ, ಈ ಮಂಚ, ನಮ್ಮ ಮಿಕ್ಸ್‌ಚರ್!’

‘ಕೇಳಿದ್ರಲ್ಲ ರೈಟರೇ?’ ಎಂದರು ಬೋಪಯ್ಯನವರು. ‘ಮನೆ ಬಿಡೋ ಮಾತೇ ಬೇಡ. ನಿಮ್ಮ ಅಕ್ಷರ ಯಾರೂ ಓದೋದಿಲ್ಲ, ನಾನೂ ಹುಡುಕೋದಿಲ್ಲ.’ ಅಕ್ಷತೆಯನ್ನು ನಮ್ಮಿಬ್ಬರ ಮೇಲೂ ಹಾಕಿ, ಹೋಳಿಗೆ ತಿಂದು ಹೋದರು.

ನಾಲ್ಕು ವರ್ಷ ಗಂಡನ ಒಂದು ಸುಳ್ಳನ್ನು ಆಡಿಕೊಂಡವಳು ಅರೆಗಳಿಗೆಯಲ್ಲಿ ಅವರಿಗಿಂತ ದೊಡ್ಡದನ್ನು ಹೇಳಿದೆ, ಅದೂ ಮಾತಿಲ್ಲದೆ. ಪಂಚಾಂಗದಲ್ಲಿ ಆ ದಿನದ ಅಂಚಿಗೆ ಏನು ಬರೆಯಲೆಂದು ಬಹಳ ಹೊತ್ತು ತೋಚಲಿಲ್ಲ. ಕೊನೆಗೆ ‘ತಾಳಿ. ಕಾಯಿಲೆ. ಮನೆ ಉಳಿಯಿತು’ ಎಂದು ಬರೆದೆ. ಇವರು ಅದನ್ನು ಓದಿದರು. ಮರುದಿನದಿಂದ ಮೀಸೆಗೆ ಕಾಡಿಗೆ ನಿಲ್ಲಿಸಿದರು, ಅಷ್ಟೆ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಅಯ್ಯನವರನ್ನು ಬಸ್ಸು ಹತ್ತಿಸಿ ಬಂದ ಅತ್ತಿಗೆ ತಮ್ಮ ಟ್ರಂಕು ಬಿಚ್ಚಿ ಸೀರೆಗಳನ್ನೆಲ್ಲ ನಾನು ಬಟ್ಟೆ ಹಾಕುವ ಗಳುವಿನ ಮೇಲೆ ಹರವಿದರು. ‘ಇಂಥ ಸ್ಥಿತೀಲಿ ನಿನ್ನ ಬಿಟ್ಟು ಹೆಂಗೆ ಹೋಗ್ಲಿ? ಶಿವರಾತ್ರಿ ಕಳೀಲಿ,’ ಎಂದರು. ಶಿವರಾತ್ರಿ ಕಳೆಯಿತು. ‘ಯುಗಾದಿ ಬರ್ಲಿ,’ ಎಂದರು. ಅವರ ಮನೆಗೆ ನಾವು ಹೋಗುವುದು ತಪ್ಪಿತು. ಹೌದು, ಅದು ನಿಜ. ಒಂದು ದಿನ ತಡೆಯಲಾರದೆ, ‘ಅತ್ತಿಗೆ, ನಂಗೆ ಗುಣವಾಯ್ತು ಅನ್ಸುತ್ತೆ,’ ಎಂದೆ.

ಅವರು ಚಮಚಕ್ಕೆ ಕೆಂಪು ಔಷಧ ಬಗ್ಗಿಸುತ್ತ ನಕ್ಕರು. ‘ಪಾರ್ವತಿ, ಗಂಡ ಸತ್ತು ನಾನು ತವರಿಗೆ ಬಂದ ವರ್ಷ, ನಮ್ಮಪ್ಪ ನನ್ನ ತಿರುಗಿ ಆ ಮನೆಗೇ ಕಳಿಸ್ತೀನಿ ಅಂತ ಗಾಡಿ ಕಟ್ಟಿದ್ರು. ನಾನೂ ಹಿಂಗೇ 'ಶಿವನೇ' ಅಂತ ಬಿದ್ದಿದ್ದೆ. ನೀನು ಎಡಕ್ಕೆ ಬಿದ್ದೆ, ನಾನು ಬಲಕ್ಕೆ ಬಿದ್ದಿದ್ದೆ. ಬಾಯಿ ತೆಗಿ.’

ನಾನು ಬಾಯಿ ತೆರೆದೆ. ಬೇರೆ ಏನು ಮಾಡಲಿ? ಅವರು ಹಣೆ ಮುಟ್ಟಿ ನೋಡಿ, ಕಂಬಳಿ ಸರಿಮಾಡಿ ಒಳಗೆ ಹೋದರು. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಹಣೆ ಮುಟ್ಟಿ ನೋಡಿದವರು ಅವರೊಬ್ಬರೇ ಎಂಬುದನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾಗುತ್ತದೆ. ಮರಿಗೆಯ ಮುಚ್ಚಳದ ಸದ್ದು ಕೇಳಿಸಿತು. ಎಡಗಡೆಯಿಂದಲೇ.

ನಿನ್ನೆಯಿಂದ ನನಗೆ ನಿಜವಾಗಿಯೂ ಸ್ವಲ್ಪ ಎದೆ ಉರಿಯುತ್ತಿದೆ. ಆ ಕೆಂಪು ನೀರಿನದೋ, ಅತ್ತಿಗೆಯ ಸಾರಿನ ಉಪ್ಪಿನದೋ ತಿಳಿಯದು. ಯಾರಿಗೂ ಹೇಳಿಲ್ಲ, ಪಂಚಾಂಗದ ಅಂಚಿನಲ್ಲೂ ಬರೆದಿಲ್ಲ. ತಿಳಿದರೆ ಅವರು ಮಳೆಗಾಲ ಮುಗಿಸಿಕೊಂಡೇ ಹೋಗುತ್ತಾರೆ.